ನಿನ್ನೆಯ ಚಂದ್ರೋದಯ

ಆ ಶುಕ್ರವಾರ ಬೆಳಿಗ್ಗೆ ಹೊಸೂರಿನ ಮೂಕಂಡಪಲ್ಲಿಯ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿತ್ತೆಂದರೆ ಎದುರಿನ ಕಾರ್ಖಾನೆಯ ಹೊಗೆಕೊಳವೆಗೆ ಬುಡವೇ ಇರಲಿಲ್ಲ. ತುದಿಯೊಂದು ಮೇಲಿನಿಂದ ಯಾರೋ ಇಳಿಬಿಟ್ಟ ಹಾಗೆ ತೂಗುತ್ತಿತ್ತು. ಜೂಜುವಾಡಿಯ ಕಡೆಗೆ ಹೊರಟ ಲಾರಿಗಳು ಬರಿಯ ಸದ್ದಾಗಿದ್ದವು. ವಠಾರದ ಬಾಗಿಲುಗಳ ಮುಂದೆ ಬಿಟ್ಟ ರಂಗೋಲಿಗಳು ಒದ್ದೆಯಾಗಿ ಗೆರೆಗೆ ಗೆರೆ ಅಂಟಿಕೊಂಡಿದ್ದವು. ಭಗವಂತ ಇವತ್ತಿನ ದಿನವನ್ನು ಇನ್ನೂ ಬಿಡಿಸಿ ಹಾಸಿಲ್ಲ, ನಿನ್ನೆಯದನ್ನೇ ಮಡಿಸುತ್ತಾ ಕೂತಿದ್ದಾನೆ ಎನ್ನುವ ಹಾಗಿತ್ತು. ಯತಿರಾಜನಿಗೂ ಬೇಕಾಗಿದ್ದದ್ದು ನಿನ್ನೆಯೇ. ಅವನು ಮಫ್ಲರ್ ಸುತ್ತಿಕೊಂಡು, ಹಲ್ಲು ಕೂಡ ಉಜ್ಜದೆ, ಕಂಪ್ಯೂಟರಿನ ಮುಂದೆ ಕೂತು, ಪರದೆಯ ಮೇಲೆ ಬೂದಿ ಬಣ್ಣಕ್ಕೆ ತಿರುಗಿದ್ದ ಒಂದು ಸಾಲನ್ನು ಮಗುವಿನ ಕೆನ್ನೆ ನೋಡುವ ಹಾಗೆ ನೋಡುತ್ತಿದ್ದ.

ಆ ಕಂಪ್ಯೂಟರು ಕಂಪನಿಯವರು ಹಳೆಯದಾಯಿತೆಂದು ತೆಗೆದುಹಾಕಿದ್ದು. ಅದರೊಳಗಿನ ರೇಡಿಯೋ ಮಾತ್ರ ಯತಿರಾಜನೇ ಹುಡುಕಿ ತಂದು ಕೂರಿಸಿದ್ದು. ಯಾವುದೋ ಊರಿನ ಯಾವನೋ ರೇಡಿಯೋ ಹುಚ್ಚ ಬರೆದು ಪುಕ್ಕಟೆ ಹಂಚಿದ್ದ ಸಾಫ್ಟ್‌ವೇರು. ತೆರೆದರೆ ಎಡಕ್ಕೆ ಕೇಂದ್ರಗಳ ಹೆಸರು, ಬಲಕ್ಕೆ ದಿನವಿಡೀ ಬರುವ ಕಾರ್ಯಕ್ರಮಗಳ ಸಾಲು. ಮುಗಿದದ್ದು ಬೂದಿ ಬಣ್ಣ, ನಡೆಯುತ್ತಿರುವುದು ಹಸಿರು, ಬರಬೇಕಾದದ್ದು ಬಿಳಿ. ಬೇಕಾದದ್ದರ ಪಕ್ಕ ಗಂಟೆಯ ಗುರುತು ಹಾಕಿದರೆ ಹೊತ್ತಿಗೆ ಸರಿಯಾಗಿ ಟಿಣ್ ಎನ್ನುತ್ತದೆ. ಕೆಂಪು ಚುಕ್ಕಿ ಇಟ್ಟರೆ ಮನೆಯಲ್ಲಿ ಯಾರೂ ಇಲ್ಲದಿದ್ದರೂ ತನ್ನ ಪಾಡಿಗೆ ತಾನು ಕೇಳಿಸಿಕೊಂಡು ಹಿಡಿದಿಡುತ್ತದೆ. ಯತಿರಾಜ ಕಾರ್ಖಾನೆಯಲ್ಲಿ ಮಾಡುವ ಕೆಲಸವೂ ಹೆಚ್ಚು ಕಡಿಮೆ ಇದೇ. ಯಾವ ಯಂತ್ರದಲ್ಲಿ ಯಾವ ದಿನ ಯಾವ ಬಿಡಿಭಾಗ ಎಂದು ಪಟ್ಟಿ ಹಾಕುವುದು. ಇಷ್ಟು ವರ್ಷಗಳಲ್ಲಿ ಅವನು ಹಾಕಿದ ಪಟ್ಟಿಯ ಪ್ರಕಾರ ಕಾರ್ಖಾನೆ ಒಂದು ದಿನವೂ ನಡೆದದ್ದಿಲ್ಲ. ಕರೆಂಟು ಹೋಗುತ್ತದೆ, ಕಬ್ಬಿಣ ಬರುವುದಿಲ್ಲ, ಆಪರೇಟರನ ಮೈದುನನಿಗೆ ಮದುವೆಯಾಗುತ್ತದೆ. ಆದ್ದರಿಂದ ಮನೆಗೆ ಬಂದು ಈ ಪರದೆಯ ಮುಂದೆ ಕೂತು, ಬಿಳಿಯದು ಹಸಿರಾಗಿ ಹಸಿರಿದ್ದದ್ದು ಬೂದಿಯಾಗುವುದನ್ನು ನೋಡುವಾಗ, ಲೋಕದಲ್ಲಿ ಎಲ್ಲೋ ಒಂದು ಕಡೆ ಹೇಳಿದ ಹಾಗೆ ನಡೆಯುತ್ತಿದೆಯಲ್ಲ ಎಂದು ಅವನಿಗೆ ದೇವಸ್ಥಾನದಲ್ಲಿ ಕೂತಷ್ಟು ಸಮಾಧಾನವಾಗುತ್ತಿತ್ತು. ಅದೂ ಅಲ್ಲದೆ ಗಡಿಯ ಈ ಊರಿನಲ್ಲಿ ಟ್ರಾನ್ಸಿಸ್ಟರು ಹಾಕಿದರೆ ಬೆಂಗಳೂರಿನ ಕನ್ನಡದ ಬೆನ್ನ ಮೇಲೆ ತಮಿಳು ಕೇಂದ್ರ ಹತ್ತಿ ಕೂರುತ್ತದೆ. ಭಜನೆಯ ನಡುವೆ ಟೊಮೇಟೊ ಧಾರಣೆ ಕೇಳಿಸುತ್ತದೆ. ಕಂಪ್ಯೂಟರಿನಲ್ಲಿ ಆ ಜಗಳವಿಲ್ಲ. ಪ್ರತಿದಿನ ಬೆಳಿಗ್ಗೆ ಭಕ್ತಿಗೀತೆಯ ಕಾರ್ಯಕ್ರಮ ಶುರುವಾಗುತ್ತಲೇ ಅವನು ಸ್ಪೀಕರನ್ನು ಕಿಟಕಿಯ ಕಟ್ಟೆಗೆ ಎತ್ತಿಡುತ್ತಿದ್ದ. ವಠಾರವೆಲ್ಲ ಕೇಳಲಿ ಎಂದು. ಹೆಂಡತಿ ಚಂದ್ರಲೇಖಾ, "ರೀ, ಕೇಳೋರಿಗೆ ಬೇಕೋ ಬೇಡವೋ ಅಂತ ಒಂದು ಸಲನಾದ್ರೂ ಕೇಳಿದ್ದೀರಾ?" ಎಂದು ರೇಗಿಸಿದರೆ, ಅವನು ಸ್ಪೀಕರನ್ನು ಇನ್ನಷ್ಟು ಹೊರಕ್ಕೆ ತಿರುಗಿಸುತ್ತಿದ್ದ. ಮದ್ದೂರಿನ ಹತ್ತಿರದ ಅವನ ಊರಿನಲ್ಲಿ ರೇಡಿಯೋ ಇದ್ದ ಒಂದೇ ಮನೆಯ ಕಿಟಕಿಯ ಕೆಳಗೆ ಅವನ ಅವ್ವ ಕೊಡ ಸೊಂಟಕ್ಕಿಟ್ಟುಕೊಂಡು ದೇವರನಾಮ ಕೇಳುತ್ತಾ ನಿಂತಿದ್ದಳು; ಒಳಗಿನಿಂದ ಆ ಮನೆಯಾಕೆ ಇಣುಕಿ ನೋಡಿ, ತಿರುಪನ್ನು ಸ್ವಲ್ಪವೇ ಸ್ವಲ್ಪ ತಿರುಗಿಸಿ ಸದ್ದು ಇಳಿಸಿದ್ದಳು. ಅವ್ವ ಕೊಡ ಸರಿಮಾಡಿಕೊಂಡು ನಡೆದಿದ್ದಳು. ಅವಳ ಸೆರಗು ಹಿಡಿದಿದ್ದ ಅವನ ಕಿವಿಯಲ್ಲಿ ಆ ಇಳಿದ ಸದ್ದು ಇವತ್ತಿಗೂ ಮೇಲೆ ಏರಿಲ್ಲ. ಅದನ್ನು ಹೆಂಡತಿಗೆ ಹೇಗೆ ಹೇಳುವುದು? ಹೇಳಿದರೆ ಅವಳು ಅದಕ್ಕೂ ಏನಾದರೂ ಅಂದಾಳು, ಅದು ನಿಜವೂ ಆಗಿಬಿಟ್ಟೀತು.

ಈಗ ಚಂದ್ರಲೇಖಾ ಮನೆಯಲ್ಲಿಲ್ಲ. ಅವಳ ಅಕ್ಕನ ಮಗಳ ಸೀಮಂತಕ್ಕೆ ಅವಳನ್ನು ಊರಿಗೆ ಬಿಟ್ಟು ಅವನು ವಾಪಸು ಬಂದದ್ದು ನಿನ್ನೆ ಸಂಜೆ. ಹೋಗುವ ಮುಂಚೆ ಮರೆಯದೆ ಕೆಂಪು ಚುಕ್ಕಿ ಇಟ್ಟಿದ್ದ, ಸ್ಪೀಕರು ಆರಿಸಿದ್ದ. ಯಾಕೆಂದರೆ ಗುರುವಾರದ ಕಾರ್ಯಕ್ರಮದಲ್ಲಿ ಕೇಳುಗರ ಕೋರಿಕೆಯ ಒಂದು ಹಾಡಿರುತ್ತದೆ, ಅದಕ್ಕೆ ಅವನು ತಿಂಗಳುಗಟ್ಟಲೆಯಿಂದ ಸಂದೇಶ ಕಳಿಸುತ್ತಿದ್ದ, ಈ ಸಲ ನಿಮ್ಮದನ್ನು ಓದುತ್ತೇವೆ ಎಂದು ಕೇಂದ್ರದವರಿಂದ ಉತ್ತರ ಬಂದಿತ್ತು. ಆದ್ದರಿಂದ ಈ ಮಂಜಿನ ಬೆಳಿಗ್ಗೆ, ಶುಕ್ರವಾರದ ಕಾರ್ಯಕ್ರಮ ಪರದೆಯ ಮೇಲೆ ಹಸಿರಾಗಿ ಹೊಳೆಯುತ್ತಾ ಕರೆಯುತ್ತಿದ್ದರೂ ಅದನ್ನು ಕಡೆಗಣಿಸಿ, ಅವನು ಬೂದಿಯ ಸಾಲಿನ ಮೇಲೆ ಎರಡು ಸಲ ಒತ್ತಿದ. ಸ್ಪೀಕರು ಕಿಟಕಿಗೆ ಹೋಯಿತು. ಸದ್ದು ದಿನಕ್ಕಿಂತ ಜೋರಾಯಿತು. ವಾದ್ಯ ಬಂತು, ನಿರೂಪಕಿಯ ನಮಸ್ಕಾರ ಬಂತು, ಅವಳು ಏನೇನೋ ಓದಿದಳು, ಒಂದು ಹಾಡು ಬಂತು, ಇನ್ನೊಂದು ಬಂತು. ತನ್ನ ಹೆಸರಿಗಾಗಿ ಕಾಯುವ ಕಿವಿ ಬೇರೆ ಏನನ್ನೂ ಒಳಗೆ ಬಿಡುವುದಿಲ್ಲ. ಪಕ್ಕದ ಮನೆಯ ಮಿಕ್ಸಿ ಶುರುವಾದಾಗ ಅವನಿಗೆ ಕೊಲೆ ಮಾಡುವಷ್ಟು ಸಿಟ್ಟು ಬಂತು. ಪುಣ್ಯಕ್ಕೆ ಅದು ನಿಂತಿತು, ಆಗ ಬಂತು: "ಹೊಸೂರಿನ ಮೂಕಂಡಪಲ್ಲಿಯಿಂದ ಯತಿರಾಜ್ ಅವರು..." ಅಷ್ಟೇ. ಇನ್ನೂ ಯಾರ ಯಾರದೋ ಹೆಸರುಗಳು ಮೇಲೆ ಬಿದ್ದು ಅದು ಮುಚ್ಚಿಹೋಯಿತು. ಆದರೂ ಅವನ ಎದೆಯಲ್ಲಿ ಏನೋ ಎದ್ದು ನಿಂತು ಪಂಚೆ ಸರಿಮಾಡಿಕೊಂಡಿತು. ಅವನು ಕಿಟಕಿಯಿಂದ ಹೊರಗೆ ನೋಡಿದ. ಯಾರಾದರೂ ಈ ಕಡೆ ತಿರುಗಿದ್ದಾರೆಯೇ? ಮಂಜು ಯಾರನ್ನೂ ತೋರಿಸಲಿಲ್ಲ.

ಬಾಗಿಲು ಬಡಿದದ್ದು ಆಗ. ವಠಾರದ ಯಜಮಾನಿ ನರಸಮ್ಮ, ತಲೆಯ ಮೇಲೆ ಸೆರಗು, ಕೈಯಲ್ಲಿ ಮುಚ್ಚಳ ಹಾಕಿದ ಸ್ಟೀಲಿನ ಡಬ್ಬಿ. ಕೇಳಿಸಿಕೊಂಡೇ ಬಂದಿದ್ದಾಳೆ ಎಂದು ಯತಿರಾಜನ ಮುಖ ತನ್ನಷ್ಟಕ್ಕೆ ತಾನೇ ಸಂಕೋಚದ ನಗೆಗೆ ಸಿದ್ಧವಾಯಿತು.

"ಯತಿರಾಜಣ್ಣ, ನೀನಿವತ್ತು ಜೋರಾಗಿಕ್ದೆ ನೋಡು, ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ. ಇಲ್ದಿದ್ರೆ ರೊಟ್ಟಿ ಮುರ್ದು ಬಾಯಿಗಿಕ್ಕೊಂಬುಡ್ತಿದ್ದೆ. ಇವತ್ತು ಸಂಕಷ್ಟಿ ಅಂತಲ್ಲ!"

"ಹೌದಾ?" ಎಂದ ಯತಿರಾಜ. ಸಿದ್ಧವಾಗಿದ್ದ ನಗೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಹೌದಾ ಅಂತೀಯಲ್ಲ, ನಿನ್ ರೇಡಿಯೋನೇ ಹೇಳ್ತು. ಒಲೆ ಮುಂದಿದ್ದೆ, ಸಂಕಷ್ಟಿ ಅಂದಿದ್ದು, ಚಂದ್ರ ಎಂಟೂ ಚಿಲ್ರೆಗೆ ಅಂದಿದ್ದು, ಅಷ್ಟೇ ಕಿವಿಗೆ ಬಿತ್ತು. ನಮ್ ಸೊಸೆ ಸರಿತಾಗೆ ಈ ವಾರ ನೈಟ್ ಶಿಫ್ಟು, ಗೋಡೆ ಮ್ಯಾಲಿನ ತಮಿಳ್ ಕ್ಯಾಲೆಂಡ್ರು ಹಾಳೆ ಹರಿಯೋರಿಲ್ದೆ ಸೋಮವಾರದಾಗೇ ನಿಂತೈತೆ. ಹರಿದ್ರೂ ನಂಗ್ ಓದಾಕೆ ಬರಲ್ಲ. ತಗೋ, ಅಕ್ಕಿ ರೊಟ್ಟಿ, ಹಿತಕಿದ ಬೇಳೆ ಸಾರು. ಬಿಸಿ ಆರೋದ್ರಾಗೆ ತಿನ್ನು. ಹೆಂಡ್ತಿ ಇಲ್ದಿರೋ ಗಂಡಸಿಗೆ ಇಕ್ಕುದ್ರೂ ಪುಣ್ಯಾನೇ."

ಈ ಹೊತ್ತಿನಲ್ಲಿ, ಚಳಿಯಲ್ಲಿ, ಈ ವರ್ಷದ ಮೊದಲ ಅವರೆಯ ಸಾರು. ಯತಿರಾಜ ಡಬ್ಬಿ ತೆಗೆದು ಮುಖ ಹಬೆಗೆ ಒಡ್ಡಿದ, ಹಲ್ಲುಜ್ಜುವ ಶಾಸ್ತ್ರ ಮುಗಿಸಿ, ಒಂದು ರೊಟ್ಟಿಯನ್ನು ಸಾರಿಗೆ ಅದ್ದಿ ಅದ್ದಿ ತಿಂದ. ತಿನ್ನುತ್ತಾ, ಎಡಗೈಯಿಂದ, ತನ್ನ ಹೆಸರನ್ನು ಇನ್ನೊಂದು ಸಲ ಕೇಳೋಣವೆಂದು ಕಾರ್ಯಕ್ರಮವನ್ನು ಹಿಂದಕ್ಕೆ ಜಗ್ಗಿದ. ಎಡಗೈ ಅಲ್ಲವೇ, ಜಾಸ್ತಿ ಜಗ್ಗಿತು. ನಿರೂಪಕಿ ಮತ್ತೆ ನಮಸ್ಕಾರ ಮಾಡಿ, ಸ್ಪಷ್ಟವಾಗಿ, ಮಿಕ್ಸಿ ಇಲ್ಲದೆ, ಓದಿದಳು: ಇಂದು ಗುರುವಾರ, ಕೃಷ್ಣಪಕ್ಷದ ಚತುರ್ಥಿ, ಸಂಕಷ್ಟಹರ ಗಣಪತಿ ವ್ರತ, ಚಂದ್ರೋದಯ ರಾತ್ರಿ...

ಎರಡನೆಯ ರೊಟ್ಟಿಯ ಮೊದಲ ತುತ್ತು ಬಾಯಲ್ಲೇ ನಿಂತಿತು. ಸಂಕಷ್ಟಿ ನಿನ್ನೆ. ನಿನ್ನೆ ತನ್ನ ಕಿಟಕಿ ಮೂಕವಾಗಿತ್ತು. ನಿನ್ನೆ ನರಸಮ್ಮ ಎರಡು ಹೊತ್ತೂ ಉಂಡಿದ್ದಾಳೆ. ಇವತ್ತು ಪಂಚಮಿ, ಇವತ್ತು ಅವಳು ಯಾತಕ್ಕೂ ಅಲ್ಲದೆ ಹಸಿದಿರುತ್ತಾಳೆ. ಅವಳ ಪಾಲಿನ ರೊಟ್ಟಿ ನನ್ನ ಬಾಯಲ್ಲಿದೆ. ಉಗುಳುವಂತಿಲ್ಲ, ಅನ್ನ, ನುಂಗುವಂತಿಲ್ಲ. ಅವನು ಸ್ವಲ್ಪ ಹೊತ್ತು ಹಾಗೆಯೇ, ಕೆನ್ನೆ ಉಬ್ಬಿಸಿಕೊಂಡು, ಪರದೆಯ ಮೇಲಿನ ಬೂದಿಯ ಸಾಲನ್ನು ನೋಡಿದ. ಆಮೇಲೆ ನುಂಗಿದ. ಆಮೇಲೆ, ಬಿಡುವುದು ಇನ್ನೂ ದೊಡ್ಡ ಪಾಪ ಎಂದು ತೀರ್ಮಾನಿಸಿ, ಉಳಿದದ್ದನ್ನೂ ತಿಂದ. ರುಚಿ ಇರಲಿಲ್ಲ ಎಂದು ಹೇಳಿಕೊಳ್ಳಲು ನೋಡಿದ, ಅದೂ ನಿಜವಾಗಲಿಲ್ಲ. ಸಾರು ಬಹಳ ಚೆನ್ನಾಗಿತ್ತು.

ಕಾರ್ಖಾನೆಗೆ ನಡೆದು ಹೋಗುವ ದಾರಿಯಲ್ಲಿ ಖಾಲಿ ಸೈಟೊಂದಿದೆ. ಮಂಜಿನಲ್ಲಿ ಅಲ್ಲಿ ಯಾರೋ ಬಗ್ಗಿ ಎದ್ದು ಬಗ್ಗಿ ಎದ್ದು ಮಾಡುತ್ತಿದ್ದರು. ನರಸಮ್ಮ. ಗಣಪನಿಗೆ ಗರಿಕೆ ಕೀಳುತ್ತಿದ್ದಳು. ಇಲ್ಲಿ ತನ್ನತ್ತೆ ರಾಗಿ ಬಿತ್ತುತ್ತಿದ್ದಳೆಂದೂ, ಅತ್ತೆ ಕಣ್ಣು ಮುಚ್ಚುವಾಗ ಮನೆಯ ಬೀಗದ ಕೈಗೂ ಮುಂಚೆ ತನ್ನ ಕೈಗೆ ಕೊಟ್ಟದ್ದು ಈ ಉಪವಾಸವನ್ನೆಂದೂ, ಅವತ್ತಿನಿಂದ ಒಂದು ಸಂಕಷ್ಟಿಯೂ ತಪ್ಪಿಲ್ಲವೆಂದೂ ಅವಳು ಹಿಂದೆ ಎಷ್ಟೋ ಸಲ ಹೇಳಿದ್ದಳು. ಹುಣ್ಣಿಮೆಯಿಂದ ಬೆರಳು ಮಡಿಸಿ ಎಣಿಸಿಕೊಳ್ಳುತ್ತಿದ್ದ ಅಭ್ಯಾಸವನ್ನು ಬಿಟ್ಟದ್ದು ಯತಿರಾಜ ಬಾಡಿಗೆಗೆ ಬಂದ ಮೇಲೆ. ರೇಡಿಯೋ ಹೇಳುತ್ತದಲ್ಲ, ಬೆರಳಿಗೆ ಯಾಕೆ ತೊಂದರೆ. ಆಗ ಅವನಿಗೆ ಹೆಮ್ಮೆಯಾಗಿತ್ತು. ಒಬ್ಬಳ ಬೆರಳಿನ ಲೆಕ್ಕವನ್ನು ತನ್ನ ಕಿಟಕಿಯ ಕಟ್ಟೆಗೆ ತೆಗೆದುಕೊಂಡದ್ದು ಎಷ್ಟು ದೊಡ್ಡ ಜವಾಬ್ದಾರಿ ಎಂದು ಯಾರೂ ಹೇಳಿರಲಿಲ್ಲ. ಈಗ ಹೇಳಿಬಿಡಬೇಕು. ಹೇಳಿದರೆ, ನಿನ್ನೆ ನಿಮ್ಮ ವ್ರತ ಮುರಿಯಿತು ಎಂದ ಹಾಗೆ. ಹೇಳದಿದ್ದರೆ, ವಯಸ್ಸಾದವಳ ಹೊಟ್ಟೆಯನ್ನು ಸುಮ್ಮನೆ ಉರಿಸಿದ ಹಾಗೆ. ನಿನ್ನೆಯನ್ನು ಕಿತ್ತುಕೊಂಡವನೂ ನಾನೇ, ಇವತ್ತನ್ನು ಕಿತ್ತುಕೊಳ್ಳಬೇಕಾದವನೂ ನಾನೇ.

"ಅಮ್ಮಾ," ಎಂದ.

"ಏನಪ್ಪಾ?" ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದಳು. ಗರಿಕೆಯ ತುದಿಗಳಲ್ಲಿ ಮಂಜಿನ ಹನಿ. ಮುಖ ಹಸಿವು ಶುರುವಾದ ಹೊಸದರಲ್ಲಿ ಬರುವ ಲವಲವಿಕೆಯಿಂದ ಬೆಳಗುತ್ತಿತ್ತು.

"ರೊಟ್ಟಿ... ಚೆನ್ನಾಗಿತ್ತು."

"ಅಷ್ಟು ಹೇಳಾಕೆ ಮಂಜ್ನಾಗೆ ಸೈಟೊಳಕ್ಕೆ ಬಂದ್ಯಾ! ಹೋಗಪ್ಪಾ, ಸೈರನ್ ಆಗೋಯ್ತು. ನಿನ್ ಹೆಸ್ರಲ್ಲೂ ಎರಡು ಎಳೆ ಇಕ್ತೀನಿ, ಹೆಂಡ್ತಿ ಬಿರ್ರನೆ ಬರ್ಲಿ ಅಂತ."

ನಿನ್ನ ಹೆಸರಲ್ಲೂ. ಅವನು ಗೇಟಿನವರೆಗೆ ಆ ಮಾತನ್ನು ಚಪ್ಪಲಿಗೆ ಹತ್ತಿದ ಕೆಸರಿನ ಹಾಗೆ ಎಳೆದುಕೊಂಡು ಹೋದ. ಅವತ್ತಿನ ಪಟ್ಟಿಯಲ್ಲಿ ಅವನು ಒಂದೇ ಯಂತ್ರಕ್ಕೆ ಎರಡು ಕೆಲಸ ಹಾಕಿ ಬೈಸಿಕೊಂಡ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿಯದೆ ಬರಿಯ ನೀರು ಕುಡಿದು ಕೂತ. ಹೊಟ್ಟೆಯೊಳಗೆ ಕೂತಿದ್ದ ರೊಟ್ಟಿಗಳಿಗೆ ಇನ್ನು ಜೊತೆ ಕೊಡುವುದಿಲ್ಲವೆಂದು ನಿಶ್ಚಯಿಸಿದ್ದ. ಎದುರಿಗೆ ಕೂತ ಮುರುಗೇಶ್, ಸ್ಟೋರಿನವನು, ಕಾವೇರಿಪಟ್ಟಣದ ಕಡೆಯವನು, ಅನ್ನ ಕಲಸುತ್ತಲೇ ಹುಬ್ಬೇರಿಸಿದ.

"ಏನ್ ಸಾರ್, ಸಾಪಾಟ್ ಬೇಡ್ವಾ? ಇವತ್ತು ವಡೆ ಐತೆ."

"ಉಪವಾಸ."

"ಯಾವ್ದು ಸಾರ್?"

"ಸಂಕಷ್ಟಿ," ಎಂದುಬಿಟ್ಟ ಯತಿರಾಜ. ಬೇರೆ ಸುಳ್ಳು ತೋಚಲಿಲ್ಲ.

ಮುರುಗೇಶ್ ಅನ್ನದ ಕೈಯನ್ನೇ ಗಾಳಿಯಲ್ಲಿ ಎತ್ತಿದ. "ಅಯ್ಯೋ, ಅದು ನೇತ್ತೇ ಮುಗಿದೋಯ್ತು ಸಾರ್! ನಮ್ಮನೇಲಿ ನಿನ್ನೆ ರಾತ್ರಿನೇ ಕಡುಬು ತಿಂದು ಪಾತ್ರೆ ತೊಳೆದಿಟ್ರು. ಪ್ಲಾನಿಂಗ್ ಡಿಪಾರ್ಟ್‌ಮೆಂಟು ದೇವ್ರಿಗೂ ಒಂದಿನ ಲೇಟಾ?"

ಸುತ್ತ ಕೂತವರು ನಕ್ಕರು. ಯತಿರಾಜನೂ ನಕ್ಕ. ನಗುವಾಗಲೇ ಅವನಿಗೆ ಹೊಳೆದದ್ದು, ಎಲ್ಲಕ್ಕಿಂತ ಕೆಟ್ಟದ್ದು. ಚಂದ್ರ. ಚೌತಿಯ ಚಂದ್ರನಿಗಿಂತ ಪಂಚಮಿಯ ಚಂದ್ರ ತಡವಾಗಿ ಹುಟ್ಟುತ್ತಾನೆ. ನರಸಮ್ಮ ಹಿಡಿದುಕೊಂಡಿರುವುದು ನಿನ್ನೆಯ ಹೊತ್ತು. ಆ ಹೊತ್ತಿಗೆ ಅವಳು ತಟ್ಟೆ ಹಿಡಿದು ತಾರಸಿಯ ಮೇಲೆ ನಿಂತಿರುತ್ತಾಳೆ, ಚಂದ್ರನಿರುವುದಿಲ್ಲ. ಹಿಡಿದಿಟ್ಟ ಹಾಡನ್ನು ಹಿಂದಕ್ಕೆ ಮುಂದಕ್ಕೆ ಜಗ್ಗಬಹುದು. ಚಂದ್ರನನ್ನು ಯಾವ ಕಡೆ ಒತ್ತುವುದು? ತಾನು ಬಾಯಿ ಬಿಡದಿದ್ದರೂ ಆಕಾಶವೇ ಎದ್ದು ಸಾಕ್ಷಿ ಹೇಳುತ್ತದೆ, ಅದೂ ಮೂಡಣದಲ್ಲಿ, ಎಲ್ಲರಿಗೂ ಕಾಣುವ ಹಾಗೆ.

ಸಂಜೆ ಅವನು ನೆಟ್ಟಗೆ ಮನೆಗೆ ಹೋಗಲಿಲ್ಲ. ಯಾಕೆ ಹೋದನೋ, ಬಸ್‌ಸ್ಟ್ಯಾಂಡಿನ ಕಡೆ ಹೋದ. ಅಲ್ಲಿ ಉದ್ದನಪಲ್ಲಿಯಿಂದ ಬಂದ ಹೆಂಗಸರು ಗೋಣಿಯ ಮೇಲೆ ಅವರೆಕಾಯಿ ಸುರಿದುಕೊಂಡು ಕೂತಿದ್ದರು. ರಸ್ತೆಯೆಲ್ಲ ಅದರ ಸೊಗಡು. ಬೆರಳಿಗೆ ಜಿಡ್ಡು ಹತ್ತುವ ಕಾಯಿಗಳನ್ನೇ ಆರಿಸಿ ಒಂದು ಚೀಲ ತುಂಬಿಸಿಕೊಂಡ. ಅಷ್ಟರಲ್ಲಿ ಚಂದ್ರಲೇಖಾ ಫೋನು ಮಾಡಿದಳು. ಊಟ ಆಯಿತೇ ಎಂದು ಕೇಳಿದ್ದಕ್ಕೆ, ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು, ಗದ್ದಲದ ನಡುವೆ, ಅವಳಿಗೆ ಎಲ್ಲವನ್ನೂ ಹೇಳಿದ. ಆ ಕಡೆ ಅವಳು ಮೊದಲು ಅಕ್ಕನನ್ನು ಕರೆದು ನಕ್ಕಳು.

"ರೀ, ಹೆಸರು ಬರುತ್ತೆ ಹೆಸರು ಬರುತ್ತೆ ಅಂತ ವಾರದಿಂದ ನನಗೆ ಎಷ್ಟು ಸಲ ಹೇಳಿದ್ರಿ! ಆ ಅಮ್ಮನಿಗೆ ಒಂದು ಸಲ ಹೇಳೋಕೆ ಬಾಯಿ ಬರ್ಲಿಲ್ವಾ?" ಆಮೇಲೆ ದನಿ ತಗ್ಗಿಸಿ, "ಅವರು ಮಾತ್ರೆ ತಗೊಳ್ತಾರೆ ಕಣ್ರೀ. ಬೇಗ ಹೋಗಿ," ಎಂದಳು.

ಬೇಗನೇ ಹೋದ. ಆದರೆ ನರಸಮ್ಮನ ಮನೆಯ ಬಾಗಿಲಲ್ಲಿ ಕಡುಬು ಬೇಯುವ ಹಬೆ ಬರುತ್ತಿತ್ತು, ಒಳಗೆ ಅವಳು ಗಂಟಲಿನಲ್ಲೇ ಏನೋ ಹಾಡಿಕೊಳ್ಳುತ್ತಿದ್ದಳು, ಅವನ ಕಾಲು ಹೊಸಿಲಿನ ಈಚೆಗೇ ನಿಂತಿತು. ಅವ್ವನೂ ಹೀಗೆಯೇ ಹೊರಗೆ ನಿಂತಿದ್ದಳಲ್ಲವೇ. ಆಗ ಒಳಗಿನವಳು ಸದ್ದು ಇಳಿಸಿದ್ದಳು. ಈಗ ಹೊರಗಿನಿಂದ ಹೋಗಿ ಒಳಗಿನವಳ ಹಾಡಿನ ಸದ್ದು ಇಳಿಸಬೇಕಾದವನು ನಾನು. ಅವನು ಮನೆಗೆ ಹೋಗಿ ಕಾಯಿ ಸುಲಿಯುತ್ತಾ ಕೂತ. ಸುಲಿದು ನೀರಿಗೆ ಹಾಕಿದ. ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಹಸಿರಾಗಿ ಬೂದಿಯಾದವು. ಇವತ್ತು ಅವು ಅವನಿಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ.

ರೇಡಿಯೋ ಹೇಳಿದ್ದ ಹೊತ್ತಿಗೆ ಅವನು ತಾರಸಿಗೆ ಹೋದಾಗ ನರಸಮ್ಮ ಆಗಲೇ ಅಲ್ಲಿದ್ದಳು. ಮಂಜು ಪೂರ್ತಿ ಕರಗಿ ಆಕಾಶ ತೊಳೆದ ಕಪ್ಪು ಹಲಗೆಯ ಹಾಗಿತ್ತು. ಒಗೆದ ಸೀರೆ, ತಟ್ಟೆಯಲ್ಲಿ ಗರಿಕೆ, ಕಡುಬು, ಹಾಲು ಬೆರೆಸಿದ ನೀರಿನ ಚೊಂಬು. ಸೊಸೆ ಸರಿತಾ ಶಿಫ್ಟಿಗೆ ಹೊರಡುವ ಉಡುಪಿನಲ್ಲಿ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಅತ್ತೆಯ ಪಕ್ಕ ನಿಂತಿದ್ದಳು. ಮೂವರೂ ಕಾರ್ಖಾನೆಯ ತಗಡಿನ ಮಾಡುಗಳ ಮೇಲೆ ಮೂಡಣವನ್ನು ನೋಡಿದರು. ಅಲ್ಲಿ ಏನೂ ಇರಲಿಲ್ಲ. ಎಷ್ಟು ಹೊತ್ತು ನೋಡಿದರೂ ಏನೂ ಇರಲಿಲ್ಲ.

"ಏನಣ್ಣಾ, ನಿನ್ ರೇಡಿಯೋ ಹೇಳಿದ ಚಂದ್ರ ಎಲ್ಲಿ?" ಎಂದಳು ನರಸಮ್ಮ. ದನಿ ಬತ್ತಿತ್ತು.

"ಅತ್ತಿಬೆಲೆ ಟ್ರಾಫಿಕ್‌ನಾಗೆ ಸಿಕ್ಕೊಂಡಿರ್ಬೇಕು ಅತ್ತೆ," ಎಂದಳು ಸರಿತಾ.

ನರಸಮ್ಮ ನಗಲು ಹೋಗಿ, ತಟ್ಟೆಯನ್ನು ಕೆಳಗಿಟ್ಟು, ನೀರಿನ ಟ್ಯಾಂಕಿಗೆ ಒರಗಿದಳು. ಯತಿರಾಜನಿಗೆ ಕಂಡದ್ದು ಅವಳು ಒರಗಿದ್ದು ಮಾತ್ರ.

"ಅಮ್ಮಾ, ಕೂತ್ಕೊಳ್ಳಿ. ಸಂಕಷ್ಟಿ ಇವತ್ತಲ್ಲ. ನಿನ್ನೆ. ನಾನು ಬೆಳಿಗ್ಗೆ ಹಾಕಿದ್ದು ನಿನ್ನೆಯ ಕಾರ್ಯಕ್ರಮ."

ನರಸಮ್ಮ ನಿಧಾನವಾಗಿ ಕೂತಳು. ಅವಳ ಮುಖದಲ್ಲಿ ಏನೋ ಒಂದು, ಬಹಳ ಹಳೆಯದು, ಹೊಸಿಲ ಮೇಲಿಟ್ಟ ದೀಪ ಗಾಳಿಗೆ ಬಗ್ಗುವ ಹಾಗೆ ಬಗ್ಗಿತು. "ನಿನ್ನೆ ನಾನು ಎರಡು ಹೊತ್ತೂ ಮುದ್ದೆ ಉಂಡೆ," ಎಂದಳು, ಅವರಿಬ್ಬರಿಗಲ್ಲ, ಇಲ್ಲದ ಯಾರಿಗೋ. ಅತ್ತೆಗೇ ಇರಬೇಕು. ಆಮೇಲೆ ತಲೆ ಎತ್ತಿ ಕೇಳಿದಳು: "ನಿನ್ನೇದ ಇವತ್ಯಾಕಪ್ಪಾ ಹಾಕ್ದೆ?"

ಇದೊಂದು ಪ್ರಶ್ನೆ ಬರಬಾರದಾಗಿತ್ತು. ಉಪವಾಸದ ತಪ್ಪನ್ನು ಒಪ್ಪಿಕೊಳ್ಳುವುದು ಇದಕ್ಕೆ ಹೋಲಿಸಿದರೆ ಎಷ್ಟೋ ಹಗುರ. ಯತಿರಾಜ ಸರಿತಾಳ ಗುರುತಿನ ಚೀಟಿಯನ್ನು ನೋಡುತ್ತಾ ಹೇಳಿದ. "ಅದರಲ್ಲಿ ನನ್ನ ಹೆಸರು ಬಂದಿತ್ತು. ವಠಾರದೋರಿಗೆಲ್ಲ ಕೇಳಿಸಲಿ ಅಂತ."

"ಹೆಸ್ರಾ? ನಿನ್ ಹೆಸ್ರಾ? ರೇಡಿಯೋನಾಗಾ?"

"ನೀವು ಕೇಳಿಸ್ಕೊಳ್ಲಿಲ್ವಾ?" ಎಂದು ಬಾಯಿ ತಪ್ಪಿ ಕೇಳಿಯೇಬಿಟ್ಟ.

"ಇಲ್ವಲ್ಲಪ್ಪಾ! ಸಂಕಷ್ಟಿ ಅಂದಿದ್ದೇ ತಡ, ಡಬ್ಬಿ ತುಂಬಾಕೆ ಓಡುದ್ನಲ್ಲ."

ಸರಿತಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ಆ ಕಡೆ ತಿರುಗಿದಳು. ಅವಳ ಬೆನ್ನು ಕುಲುಕುತ್ತಿತ್ತು. ನರಸಮ್ಮ ಅವನನ್ನೇ ನೋಡುತ್ತಿದ್ದಳು. ಬಗ್ಗಿದ್ದ ದೀಪ ಮೆಲ್ಲಗೆ ನೆಟ್ಟಗಾಯಿತು.

"ಏನ್ಲಾ," ಎಂದಳು. ಅವಳು ಅವನನ್ನು ಹಾಗೆ ಕರೆದದ್ದು ಅದೇ ಮೊದಲು. "ಬೆಳಿಗ್ಗೆಯಿಂದ ಮಕ ಸುಟ್ಟ ಬದನೇಕಾಯಾಗಿತ್ತು. ಇದುಕ್ಕಾ? ಉಂಡಿದ್ದೀಯೋ ಇಲ್ವೋ?"

"ಬೆಳಿಗ್ಗೆ ನಿಮ್ಮ ರೊಟ್ಟಿ. ಆಮೇಲಿಲ್ಲ."

"ಎರಡೂ ತಿಂದ್ಯಾ?"

"ಎರಡೂ."

"ಗೊತ್ತಾದ ಮ್ಯಾಲೂ ತಿಂದ್ಯಾ?"

"ಒಂದು ಮೊದಲು, ಒಂದು ಆಮೇಲೆ."

ಈಗ ಅವಳು ನಕ್ಕಳು. ಹಸಿದ ಹೊಟ್ಟೆಯಿಂದ ಬಂದ, ಸದ್ದು ಕಡಿಮೆಯ ನಗು. ಆಮೇಲೆ ಗರಿಕೆಯ ಎಳೆಗಳನ್ನು ತಟ್ಟೆಯಲ್ಲಿ ಸರಿಪಡಿಸುತ್ತಾ ಕೇಳಿದಳು. "ನಿನ್ ಡಬ್ಬ ನಿನ್ನೇದ ಹಿಡಿದಿಟ್ಟು ಇವತ್ತು ಕೇಳುಸ್ತೈತೆ ಅಲ್ವಾ?"

"ಹೌದಮ್ಮ."

"ಸೊರಗಾಕಿಲ್ವಾ? ಏನೂ ಕಮ್ಮಿಯಾಗಾಕಿಲ್ವಾ?"

"ಇಲ್ಲ. ಇದ್ದ ಹಾಗೇ ಇರುತ್ತೆ."

"ಹಂಗಾರೆ ಅವ್ನೂ," ಎಂದು ಅವಳು ಗದ್ದವನ್ನು ಆಕಾಶದ ಕಡೆ ಎತ್ತಿದಳು, "ನಾನಿವತ್ತು ಇಕ್ಕಿದ್ದ ನಿನ್ನೇಕ್ಕೆ ಹಾಕ್ಕೊಳ್ತಾನೆ ಅಂತೀಯಾ?"

ಚೇಷ್ಟೆಯಿರಬೇಕೆಂದು ಅವನು ಅವಳ ಮುಖ ನೋಡಿದ. ಚೇಷ್ಟೆ ಇರಲಿಲ್ಲ. ಯಂತ್ರ ಬಲ್ಲವನನ್ನು ಯಂತ್ರದ ವಿಷಯ ಕೇಳುವ ಹಾಗೆ ಕೇಳಿದ್ದಳು. ಇವನು ಏನು ಹೇಳುತ್ತಾನೋ ಅದನ್ನು ಒಳಗೆ ಇಟ್ಟುಕೊಂಡು ಮಲಗುವವಳಿದ್ದಳು. ಇಡೀ ಜೀವಮಾನದಲ್ಲಿ ಅವನ ಯಾವ ಪಟ್ಟಿಯನ್ನೂ ಯಾರೂ ಹೀಗೆ ನಂಬಿರಲಿಲ್ಲ.

"ಹಾಕ್ಕೊಳ್ತಾನಮ್ಮ," ಎಂದ. ಹೇಳಿದ ಮೇಲೆ ತನಗೂ ಅದು ನಿಜವೆಂದೇ ಅನ್ನಿಸಿತು.

"ಅಣ್ಣಾ," ಎಂದಳು ಸರಿತಾ. ತಗಡಿನ ಮಾಡುಗಳ ಅಂಚಿನಲ್ಲಿ ಒಂದು ಕಡೆ, ಸವೆದ, ಕೆಂಪಾದ, ತಡವಾಗಿ ಬಂದದ್ದಕ್ಕೆ ಸ್ವಲ್ಪವೂ ನಾಚಿಕೆಯಿಲ್ಲದ ಚಂದ್ರ ತಲೆ ಹಾಕಿದ್ದ. ನರಸಮ್ಮ ಎದ್ದು ಸೆರಗು ಹೊದ್ದು, ಚೊಂಬಿನ ನೀರನ್ನು ಅವನ ಕಡೆಗೆ ಬಿಟ್ಟಳು. "ಇದು ನಿನ್ನೇದು ಕಣಪ್ಪ, ನೋಡಿ ತಗೋ," ಎಂದಳು, ಎದುರಿಗೆ ನಿಂತವನಿಗೆ ಹೇಳುವ ಹಾಗೆ. ಮೊದಲ ಕಡುಬು ಮುರಿದು ಅರ್ಧವನ್ನು ಯತಿರಾಜನ ಕೈಗಿಟ್ಟಳು. ಅವನು ಇಸಿದುಕೊಳ್ಳಲು ಹಿಂಜರಿದರೆ, "ತಿನ್ಲಾ, ಗೊತ್ತಿದ್ದೇ ತಿನ್ನೋದು ನಿಂಗೇನ್ ಹೊಸ್ದಾ?" ಎಂದಳು.

ಸರಿತಾ ಶಿಫ್ಟಿಗೆ ಹೋದ ಮೇಲೆ, ಉಂಡು, ಮಾತ್ರೆ ನುಂಗಿ, ಅವಳು ಯತಿರಾಜನ ಮನೆಗೆ ಬಂದು ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕಾಲು ಮಡಿಸಿಕೊಂಡು ಕೂತಳು. "ಎಲ್ಲಿ, ಹಾಕು ನಿನ್ ಹೆಸ್ರ," ಎಂದಳು. ಅವನು ಬೇಡವೆಂದ. ಅವಳು ಕೇಳಲಿಲ್ಲ. ಹೆಸರು ಬಂತು, ಹೋಯಿತು, ಬೇರೆ ಹೆಸರುಗಳು ಬಿದ್ದು ಮುಚ್ಚಿಕೊಂಡವು. ಅವಳು ಕತ್ತು ವಾರೆ ಮಾಡಿ ಇನ್ನೂ ಕೇಳುತ್ತಿದ್ದಳು. "ಅಷ್ಟೇನಾ?" ಎಂದಳು. "ಅಷ್ಟೇ," ಎಂದ. ಅವನಿಗೂ ಬೆಳಿಗ್ಗೆಯಿಂದ ಮೊದಲ ಸಲ ಅದು ಅಷ್ಟೇ ಆಗಿ ಕೇಳಿಸಿತು, ಮೈ ಹಗುರವಾಯಿತು. ಹೋಗುವಾಗ ಅವಳು ಡಬ್ಬಿಯನ್ನು ಕೇಳಲಿಲ್ಲ, ಅವನೂ ಎತ್ತಿಕೊಡಲಿಲ್ಲ. ಬಾಗಿಲ ಹತ್ತಿರ ನಿಂತು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಏನೋ ಎಣಿಸಿಕೊಂಡಳು. ಮುಂದಿನ ಹುಣ್ಣಿಮೆಗಿರಬೇಕು. ಯತಿರಾಜ ನೋಡದವನ ಹಾಗೆ ಇದ್ದ.

ಶನಿವಾರವೂ ಮಂಜಿತ್ತು. ಯತಿರಾಜ ಬೇಗ ಎದ್ದು, ನೆನೆದು ದಪ್ಪವಾದ ಅವರೆಕಾಳನ್ನು ಮಡಿಲಿಗೆ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತು, ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿತುಕತೊಡಗಿದ. ಮೊದಮೊದಲು ಬೇಳೆಗಳು ಕೈತಪ್ಪಿ ಹಾರಿ ಕೀಬೋರ್ಡಿನ ಮೇಲೆ ಬಿದ್ದವು. ಆಮೇಲೆ ಬೆರಳಿಗೆ ಬುದ್ಧಿ ಬಂತು. ಟಿಣ್ ಎಂದಿತು. ಬಿಳಿಯ ಸಾಲು ಹಸಿರಾಯಿತು. ಅವನು ಜಿಡ್ಡಿನ ಕೈಯಲ್ಲೇ ಸ್ಪೀಕರನ್ನು ಕಿಟಕಿಗಿಟ್ಟ, ದಿನದಷ್ಟೇ ಸದ್ದು. ನಿರೂಪಕಿ ಓದಿದಳು, ಇಂದು ಶನಿವಾರ, ಕೃಷ್ಣಪಕ್ಷದ ಷಷ್ಠಿ. ಅವನು ಅದನ್ನು ಪೂರ್ತಿ ಕೇಳಿಸಿಕೊಂಡ.

ಮೊದಲ ಹಾಡು ಮುಗಿಯುವ ಹೊತ್ತಿಗೆ ಅವನು ಡಬ್ಬಿ ಹಿಡಿದು ಹೊರಗೆ ಬಂದ. ನರಸಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಳು. ಬಕೆಟ್ಟು ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರಸಿಕೊಂಡು, ಡಬ್ಬಿ ಇಸಿದುಕೊಂಡಳು. ಭಾರ ಕಂಡು ಮುಚ್ಚಳ ತೆಗೆದಳು. ಒಳಗೆ ಕಂಠದ ತನಕ ಹಿತುಕಿದ ಬೇಳೆ, ಬೆಳ್ಳಗೆ, ಒದ್ದೆಯಾಗಿ. ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ ಅವನ ಬೆರಳುಗಳನ್ನೂ ನೋಡಿದಳು. ಮೇಲೆಯೇ ಒಂದು ಕಾಳು ಸಿಪ್ಪೆಯ ಸಮೇತ ಉಳಿದುಬಿಟ್ಟಿತ್ತು. ನರಸಮ್ಮ ಅದನ್ನು ಎತ್ತಿ ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿದಳು. ಬೇಳೆ ಡಬ್ಬಿಯೊಳಕ್ಕೆ ಜಾರಿತು, ಸಿಪ್ಪೆ ಅವಳ ಕೈಯಲ್ಲಿ ಉಳಿಯಿತು. ಮುಚ್ಚಳ ಹಾಕಿಕೊಂಡು ಒಳಗೆ ಹೋದಳು.